ಹೆಲ್ಮೆಟ್ಟಿನೊಳಗಿನ ಕರೆ

ಟಿಂವ್ ಎಂದು ಹೆಲ್ಮೆಟ್ಟಿನೊಳಗೆ ಹೆಡ್‌ಸೆಟ್ಟು ಎಚ್ಚರಾಯಿತು. ಅಷ್ಟು ಮಾತ್ರ ಅಮೋಘಸಿದ್ದನಿಗೆ ಕೇಳುತ್ತಿತ್ತು. ಅದರ ಹಿಂದೆ ಬರುವ ಮಾತು ಬೈಕಿನ ಗಾಳಿಯಲ್ಲಿ ಎಲ್ಲೋ ಹಾರಿಹೋಗುತ್ತಿತ್ತು.

ದೇವಾಪುರದ ಹತ್ತಿರ ಕಾಲುವೆಯ ಗೇಟು ಕಾಯುವುದು ಅವನ ಕೆಲಸ. ನೀರಾವರಿ ಇಲಾಖೆಯ ಸಾಹೇಬರು ಫೋನು ಮಾಡಿದಾಗ ದಂಡೆಯ ಮೇಲೆ ಬೈಕು ಓಡಿಸಿಕೊಂಡು ಹೋಗಿ ಗೇಟು ಎತ್ತಬೇಕು, ಇಲ್ಲವೇ ಇಳಿಸಬೇಕು. ಅವನ ಬಲಗಿವಿ ಪೂರ್ತಿ ಸತ್ತಿತ್ತು, ಎಡಗಿವಿ ಅರ್ಧ ಉಳಿದಿತ್ತು. ಫೋನು ಕೇಳಿಸದೆ ಒಂದೆರಡು ಸಲ ನೀರು ಮಂದಿಯ ಹೊಲಕ್ಕೆ ನುಗ್ಗಿತ್ತು. "ಇನ್ನೊಮ್ಮೆ ಹಿಂಗಾದ್ರ ಬ್ಯಾರೇದವನ್ನ ಇಡ್ತೀನಿ" ಎಂದು ಸಾಹೇಬರು ಹೇಳಿಬಿಟ್ಟಿದ್ದರು.

ಹೆಂಡತಿ ರೇಣಮ್ಮನನ್ನು ಕೂರಿಸಿಕೊಂಡು ಅವನು ಶಹಾಪುರಕ್ಕೆ, ಹೆಡ್‌ಸೆಟ್ಟು ಮಾರಿದ ನಸೀರುದ್ದೀನನ ಅಂಗಡಿಗೆ ಹೋದ.

"ಹೆಂಗ ಕೇಳ್ತದ ಕಾಕಾ?"

"ನೊಣ ಗುಂಯ್ ಅಂದಂಗ."

ನಸೀರುದ್ದೀನ ಹೆಲ್ಮೆಟ್ಟಿನ ಸ್ಪಂಜು ಕಿತ್ತು, ಸ್ಪೀಕರನ್ನು ಮುಂದಕ್ಕೆ ತಂದು ಕಿವಿಯ ತೂತಿಗೆ ಸರಿಯಾಗಿ ಅಂಟಿಸಿದ. ಫೋನಿನ ದನಿಯನ್ನೂ ಸೆಟ್ಟಿನ ದನಿಯನ್ನೂ ತುದಿಗೆ ಏರಿಸಿದ. "ಬಲಗಡೆ ಹೋಗೋ ದನಿ ಸುಮ್ಮನ ಹಾಳಾಗಾಕತ್ತಿತ್ತು. ಎರಡೂ ಕೂಡಿಸಿ ಎಡಕ್ಕ ಹಾಕೀನಿ. ಇಷ್ಟಕ್ಕೂ ಕೇಳದಿದ್ರ ಮಸೂತಿ ಮೈಕೇ ತಂದು ಕಟ್ಟಬೇಕು ನೋಡ್ರಿ!"

ರೇಣಮ್ಮ ರಸ್ತೆಯಾಚೆ ನಿಂತು ಫೋನಿನಲ್ಲಿ ಮೆಲ್ಲಗೆ, "ಕೇಳಾಕತ್ತದೇನ್ರಿ?" ಎಂದಳು. ಅಮೋಘಸಿದ್ದ ಹೆಲ್ಮೆಟ್ಟನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದ. ಮದುವೆಯಾದಾಗಿನಿಂದ ಅವಳು ಅವನೊಡನೆ ಕಿರುಚಿಯೇ ಮಾತಾಡಿದ್ದಳು. ಅವಳ ದನಿ ಇಷ್ಟು ಮೆತ್ತಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮುಂದೊಂದು ಮಧ್ಯಾಹ್ನ, ಕಾಲುವೆ ಬಂಡೆ ಸೀಳಿಕೊಂಡು ಹೋಗುವ ಜಾಗದಲ್ಲಿ, ಹೆಲ್ಮೆಟ್ಟಿನೊಳಗೆ ಯಾರೋ ಪಕ್ಕದಲ್ಲಿ ಕೂತವರಂತೆ ಕೇಳಿದರು: "ಅಮೋಘ್ಯಾ, ಹೊರಗ ಬಂದಿಯೇನಲೇ?"

"ಬಂದೀನಿ!" ಎಂದುಬಿಟ್ಟ ಅವನು. ಆಮೇಲೆ ಬ್ರೇಕು ಒತ್ತಿ ನಿಂತ. ಅದು ಮಲ್ಕಪ್ಪನ ದನಿ.

ಹಿಂದೆ ಕಾಲುವೆ ತೋಡುವಾಗ ಅದೇ ಬಂಡೆಗೆ ಸಿಡಿಮದ್ದು ತುಂಬುತ್ತಿದ್ದರು. ಬತ್ತಿ ಹಚ್ಚುವ ಮೊದಲು ಮೇಸ್ತ್ರಿ ಮಲ್ಕಪ್ಪ ಪ್ರತಿಯೊಬ್ಬ ಆಳಿನ ಹೆಸರು ಹಿಡಿದು ಕರೆಯುತ್ತಿದ್ದ. ಎಲ್ಲರೂ "ಬಂದೀನಿ" ಎಂದ ಮೇಲೆಯೇ ಸೀಟಿ ಊದುತ್ತಿದ್ದ. ಒಂದು ದಿನ ಸೀಟಿಗಿಂತ ಮೊದಲೇ ಬಂಡೆ ಸಿಡಿಯಿತು. ಮಲ್ಕಪ್ಪ ಹೋದ. ಹದಿಹರೆಯದ ಅಮೋಘಸಿದ್ದನ ಕಿವಿಯೂ ಹೋಯಿತು.

ಅಮೋಘಸಿದ್ದ ಫೋನು ತೆಗೆದು ನೋಡಿದ. ಯಾವ ಕರೆಯೂ ಬಂದಿರಲಿಲ್ಲ.

ಮನೆಗೆ ಬಂದು ಅವನು ಹೇಳಿದ್ದನ್ನು ಕೇಳಿ ರೇಣಮ್ಮ ರೇಗಿದಳು. "ಒಂದ ಸಲ ಕರದ್ರ ಅದು ದೆವ್ವ, ಓ ಅನಬಾರದಂತ ತಿಳೀದೇನ್ರಿ ನಿಮಗ?"

"ಮಲ್ಕಪ್ಪನ ಮುಂದ ಅದು ನಡೆಯಂಗಿಲ್ಲ. ಓ ಅನ್ನೋತನಕ ಅವ ಬಿಡತಿದ್ದಿಲ್ಲ."

ಆಮೇಲೆ ಆ ಬಂಡೆ ದಾಟುವಾಗಲೆಲ್ಲ ಕರೆ ಬಂತು, ಇವನು ಓಗೊಟ್ಟ. ಒಂದು ದಿನ ಮಾತ್ರ ಆ ದನಿ ಅವಸರದಲ್ಲಿತ್ತು: "ಜಲ್ದಿ ಗೇಟ್ ಇಳಸಲೇ!" ಅವನು ಓಡಿಹೋಗಿ ಇಳಿಸಿದ. ಸ್ವಲ್ಪ ಹೊತ್ತಿಗೆ ಸಾಹೇಬರ ಜೀಪು ಧೂಳೆಬ್ಬಿಸುತ್ತ ಬಂತು. ಕೆಳಗೆ ದಂಡೆ ಬಿರುಕು ಬಿಟ್ಟಿತ್ತು. ಗೇಟು ಇಳಿಯದಿದ್ದರೆ ಒಡೆದೇ ಹೋಗುತ್ತಿತ್ತು.

"ಎಷ್ಟು ಸಲ ಮಾಡಿದ್ರೂ ಫೋನ್ ಎತ್ತಲಿಲ್ಲ," ಎಂದರು ಸಾಹೇಬರು ಏದುಸಿರು ಬಿಡುತ್ತ. "ಯಾರು ಹೇಳಿದ್ರೋ ನಿನಗ?"

ಮರುದಿನ ರೇಣಮ್ಮ ಹಟ ಹಿಡಿದು ಅವನನ್ನು ಮತ್ತೆ ಶಹಾಪುರಕ್ಕೆ ಎಳೆದು ತಂದಳು. ನಸೀರುದ್ದೀನ ಸೆಟ್ಟು ಬಿಚ್ಚಿ ಬೆಳಕಿಗೆ ಹಿಡಿದ. ಒಳಗಿನ ಬ್ಯಾಟರಿ ಉಬ್ಬಿ, ತಂತಿ ಹಸಿರುಗಟ್ಟಿ ಉದುರಿತ್ತು.

"ಇದು ಸತ್ತು ಭಾಳ ದಿನ ಆಗ್ಯದ ಕಾಕಾ. ಇದರಾಗ ಏನೂ ಕೇಳಂಗಿಲ್ಲ."

"ನಿನ್ನಿ ಕೇಳ್ತು."

ನಸೀರುದ್ದೀನ ರೇಣಮ್ಮನ ಮುಖ ನೋಡಿದ. "ಹೊಸಾದು ಹಾಕ್ತೀನಿ. ಇದಕ್ಕಿಂತ ಜೋರು ಅದ. ಸಾಹೇಬ್ರ ಫೋನು ಒಂದೂ ತಪ್ಪಂಗಿಲ್ಲ. ಈ ಹೆಲ್ಮೆಟ್ ಇಲ್ಲೇ ಬಿಡ್ರಿ."

"ಬಿಡ್ರಿ," ಎಂದು ರೇಣಮ್ಮ ಕಿರುಚಿದಳು. "ಕೆಲಸ ಉಳದದ, ಅಷ್ಟು ಸಾಕು. ಸತ್ತವನ ಮಾತಿಗೆ ದಿನಾ ಓ ಅಂದ್ರ ಒಂದಿನ ನಿಮ್ಮನ್ನೂ…"

"ಆವತ್ತು ಅವ ನಮ್ಮೆಲ್ಲಾರ ಹೆಸರೂ ಕರದ," ಎಂದ ಅಮೋಘಸಿದ್ದ. ಅಂದು ಫೋನಿನಲ್ಲಿ ಕೇಳಿದ ಹೆಂಡತಿಯ ದನಿಯಷ್ಟೇ ಮೆತ್ತಗೆ ಮಾತಾಡಲು ನೋಡಿದ. "ಅವನ ಹೆಸರು ನಾವ್ಯಾರೂ ಕರೀಲಿಲ್ಲ. ಅವ ಹೊರಗ ಬಂದಾನೇನು ಅಂತ ಯಾರೂ ಕೇಳಲಿಲ್ಲ."

"ಅದಕ್ಕ ನೀವೇನು ಮಾಡ್ತೀರಿ ಈಗ? ಬಂಡೆ ಮುಂದ ನಿಂತು ಅವನ ಹೆಸರು ಕರೀತೀರೇನು…"

ಅವಳ ಬಾಯಿ ಇನ್ನೂ ಆಡುತ್ತಿತ್ತು. ಅವನು ಆ ಹಳೆಯ ಹೆಲ್ಮೆಟ್ಟನ್ನೇ ಎತ್ತಿ ತಲೆಗೆ ಹಾಕಿಕೊಂಡು, ಬಿಸಿಲಿಗೆ ಇಳಿದು ಬೈಕಿನ ಕಡೆಗೆ ನಡೆದೇಬಿಟ್ಟ.