ಅವರು ಮಲಗಿದ್ದ ಮೂರು ವಾರ

ನಿನ್ನೆ ಡಾಕ್ಟರು ಬರೆದುಕೊಟ್ಟ ಮಾತ್ರೆಯೊಂದು ನುಂಗುವ ಮೊದಲೇ ನಾಲಿಗೆಯ ಮೇಲೆ ಕರಗಿಹೋಯಿತು. ಎಂಥ ಕಹಿ ಅಂತೀರಿ! ಮೊಮ್ಮಗಳು ಸಕ್ಕರೆ ತರಲು ಓಡಿದಳು. ನಾನು ಆ ಕಹಿಯನ್ನು ಬಾಯಲ್ಲೇ ಇಟ್ಟುಕೊಂಡು ಕುಳಿತೆ. ನನಗೆ ಅದರ ಗುರುತಿತ್ತು. ಅರವತ್ತು ವರ್ಷದ ಹಿಂದೆ, ನಮ್ಮವರು ಕ್ವಿನೈನ್ ಪುಡಿಯನ್ನು ಯಾಕೆ ಹಾಗೆ ಉಗಿಯುತ್ತಾರೆ ಎಂದು ನೋಡಲು ನಾನೂ ಒಂದು ಚಿಟಿಕೆ ನೆಕ್ಕಿದ್ದೆ. ಕುತೂಹಲ ನನ್ನ ಹುಟ್ಟುಗುಣ. ಅದರಿಂದ ಕೆಟ್ಟದ್ದೂ ಉಂಟು, ಕಲಿತದ್ದೂ ಉಂಟು.

ಆಗ ಕೊಡಗಿನಲ್ಲಿ ಬ್ರಿಟಿಷರ ಆಳ್ವಿಕೆ. ಕೊಡ್ಲಿಪೇಟೆಯ ಹುಡುಗಿಯಾದ ನಾನು ಮದುವೆಯಾಗಿ ಮಾದಾಪುರದ ಕಡೆಗೆ ಬಂದು ಎಂಟು ತಿಂಗಳಾಗಿತ್ತು. ಅತ್ತೆ ಮಾವ ತೀರಿಹೋಗಿದ್ದರು. ಎರಡು ಎಕರೆ ಗದ್ದೆ, ಅದರ ಮೇಲಿನ ಇಳಿಜಾರಿನಲ್ಲಿ ಒಂದಿಷ್ಟು ಕಾಫಿ, ಮನೆಯಲ್ಲಿ ನಾವಿಬ್ಬರೇ. ಇಬ್ಬರೇ ಅಂದರೆ ಮಾತು ಜಾಸ್ತಿ ಇರಬೇಕು ಅಲ್ಲವೇ? ನಮ್ಮವರು ದಿನಕ್ಕೆ ಆಡುತ್ತಿದ್ದದ್ದು, "ಊಟ ಆಯ್ತಾ", "ದನಕ್ಕೆ ನೀರು ಕುಡಿಸಿದ್ಯಾ", ಇಷ್ಟೇ. ಹಿರಿಯರು ಗೊತ್ತುಮಾಡಿದರು, ಬೇಡ ಅನ್ನಲು ಬಾಯಿ ಬಾರದೆ ಕಟ್ಟಿಕೊಂಡಿದ್ದಾರೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಹಾಗೆಂದು ದುಃಖವೇನೂ ಇರಲಿಲ್ಲ. ಒಳ್ಳೆಯ ಮನುಷ್ಯ, ಅಷ್ಟು ಸಾಕು ಅಂದುಕೊಂಡಿದ್ದೆ.

ಭತ್ತ ಹಣ್ಣಾಗಿ ನಿಂತಾಗಲೇ ಅವರಿಗೆ ಚಳಿಜ್ವರ ಹಿಡಿಯಿತು. ಡಾಕ್ಟರು ಬಂದು, ಹಾಸಿಗೆಯಿಂದ ಏಳಕೂಡದು ಅಂದು ಹೋದರು. ಇತ್ತ ಬೆಳಿಗ್ಗೆ ಗಿಳಿಗಳ ಹಿಂಡು, ಕತ್ತಲಾದರೆ ಕಾಡುಹಂದಿ. ಆಳುಗಳನ್ನು ಕರೆಯೋಣವೆಂದರೆ ಎಲ್ಲರೂ ಬಿಳಿ ದೊರೆಯ ಎಸ್ಟೇಟಿಗೆ ಕಾಫಿ ಕುಯ್ಯಲು ಹೋಗಿದ್ದರು. ನಾಲ್ಕನೆಯ ದಿನ ನಾನು ಕೊಟ್ಟಿಗೆಯಲ್ಲಿದ್ದಾಗ ಇವರು ಕುಡುಗೋಲು ಹಿಡಿದು ಎದ್ದಿದ್ದಾರೆ. ಹೊಸ್ತಿಲು ದಾಟುವುದರೊಳಗೆ ಬಿದ್ದರು. ನನ್ನ ಕೂಗು ಕೇಳಿ ಮೇಲಿನ ಮನೆಯ ದೇವಕ್ಕ ಓಡಿಬಂದಳು. ಅವಳು ಒಂಟಿ ಹೆಂಗಸು, ಐವತ್ತು ದಾಟಿದ ವಿಧವೆ. ನಾವಿಬ್ಬರೂ ಸೇರಿ ಅವರನ್ನು ಎತ್ತಿ ಮಲಗಿಸಿದೆವು. ಅವಳು ಕುಡುಗೋಲನ್ನು ಸೆರಗಿನಲ್ಲಿ ಸುತ್ತಿಕೊಂಡು, "ಇದು ನನ್ನ ಹತ್ರ ಇರ್ಲಿ ಕೂಸೇ," ಅಂದು ಹೊರಟಳು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಗದ್ದೆಯಲ್ಲಿ ಜನ! ದೇವಕ್ಕನಿಂದ ಸುದ್ದಿ ತಿಳಿದು ಪಕ್ಕದ ಗದ್ದೆಯ ಕುಶಾಲಪ್ಪ ಇಬ್ಬರು ತಮ್ಮಂದಿರ ಜೊತೆ ಕೊಯ್ಲಿಗೆ ಇಳಿದಿದ್ದ. ಹುಲ್ಲು ದಂಡವಾಗುವ ಹಾಗೆ ಬುಡ ಬಿಟ್ಟು ಕೊಯ್ಯುತ್ತಾನೆಂದು ನಮ್ಮವರು ಹೋದ ವರ್ಷ ನಾಲ್ಕು ಜನರ ಮುಂದೆ ಆಡಿಕೊಂಡಿದ್ದು ಇದೇ ಕುಶಾಲಪ್ಪನನ್ನು. "ಅತ್ತಿಗೆ, ಅವನಿಗೆ ಹೋಗಿ ಹೇಳಿ, ನೆಲ ಹೆರೆದ ಹಾಗೆ ಕೊಯ್ತಾ ಇದ್ದೀನಿ ಅಂತ!" ಎಂದು ಅಲ್ಲಿಂದಲೇ ಕೂಗಿದ. ಹೊರೆಗಳನ್ನು ಕಣಕ್ಕೆ ಸಾಗಿಸಲು ಗಾಡಿ ಹೊಡೆಯುವ ಮೊಯ್ದು ಕಾಕ ಎತ್ತು ಕಟ್ಟಿಕೊಂಡು ಬಂದ.

ನಾನು ಬೆಲ್ಲದ ಕಾಫಿ ಕೊಂಡೊಯ್ಯುವ ನೆಪದಲ್ಲಿ ಒಬ್ಬೊಬ್ಬರ ಹತ್ತಿರವೂ ನಿಲ್ಲುತ್ತಿದ್ದೆ. ಅವರ ಕೈ ಭತ್ತ ಕೊಯ್ದರೆ ನನ್ನ ಕಿವಿ ಗಂಡನ ಸುದ್ದಿ ಕೊಯ್ಯುತ್ತಿತ್ತು. ಕುಶಾಲಪ್ಪನ ತಾಯಿ ಸತ್ತ ವರ್ಷ ಅವನ ಕಾಫಿಯನ್ನೆಲ್ಲ ಕುಯ್ದುಕೊಟ್ಟವರು ಇವರಂತೆ. ಮೊಯ್ದು ಕಾಕನ ಎತ್ತಿಗೆ ಕಾಲುಬೇನೆ ಬಂದಾಗ ಸೊಪ್ಪು ಅರೆದು ಕಟ್ಟಿದವರೂ ಇವರೇ. "ಒಬ್ಬನೇ ಇದ್ರೆ ಚೆನ್ನಾಗಿ ಸಿಳ್ಳೆ ಹಾಕ್ತಾನೆ ಮೋಳೇ, ನೀನು ಕೇಳಿಲ್ವಾ?" ಎಂದು ಕಾಕ ಮಗಳನ್ನು ಮಾತಾಡಿಸುವಂತೆ ಕೇಳಿದ. ನಾನು ಕೇಳಿರಲಿಲ್ಲ. ಯಾರ ಜೊತೆ ಸಂಸಾರ ಮಾಡುತ್ತಿದ್ದೇನೆ ನಾನು, ಅನ್ನಿಸಿತು.

ಜ್ವರ ಇಳಿಯಲಿಲ್ಲ. ಒಂಬತ್ತನೆಯ ದಿನ ಅವರಿಗೆ ನನ್ನ ಗುರುತೂ ಸಿಗಲಿಲ್ಲ. ಆ ಮಧ್ಯಾಹ್ನ ಅವರಿಗೆ ಸ್ವಲ್ಪ ಮಂಪರು ಹತ್ತಿದಾಗ, ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ, ಮನೆಯ ಹಿಂದಿನ ಕಾಫಿ ಗಿಡಗಳಲ್ಲಿ ದೇವಕ್ಕ ಮತ್ತು ನಾನು ಹಣ್ಣು ಬಿಡಿಸುತ್ತಿದ್ದೆವು.

"ನಿನ್ನನ್ನ ನೋಡೋಕೆ ಅಷ್ಟು ದೂರ ಹೋಗಿಬಂದ ಗಟ್ಟಿ ಆಳು. ಈ ಜ್ವರಕ್ಕೆಲ್ಲ ಸೋಲಲ್ಲ ಬಿಡು," ಅಂದಳು.

"ಎಲ್ಲಿಗೆ?"

"ಗೊತ್ತೇ ಇಲ್ವಾ? ಮದುವೆ ಮಾತು ಬಂದಾಗ ಮೊಯ್ದು ಗಾಡಿ ಹತ್ತಿ ಕೊಡ್ಲಿಪೇಟೆ ಸಂತೆಗೆ ಹೋಗಿದ್ದ. ದೂರದಿಂದ ನೋಡಿ ಬಂದ. ಆಮೇಲೆ ನನ್ನ ಜಗಲೀಲಿ ಕೂತು, 'ದೇವಕ್ಕ, ಇದು ತಪ್ಪಿಹೋದ್ರೆ ನಂಗೆ ಬೇರೆ ಮದುವೆ ಬೇಡ' ಅಂದ."

ನನ್ನ ಬುಟ್ಟಿ ಮಗುಚಿತು. ಹಣ್ಣು ಆರಿಸಲಿಲ್ಲ, ಒಳಗೆ ಓಡಿದೆ. ಅದುವರೆಗೆ ಹೆಂಡತಿ ಮಾಡಬೇಕಾದದ್ದನ್ನು ಮಾಡುತ್ತಿದ್ದೆ. ಒದ್ದೆ ಬಟ್ಟೆ, ಗಂಜಿ, ಔಷಧ, ಒಂದಕ್ಕೂ ತಪ್ಪಿರಲಿಲ್ಲ. ಭಯ ಎಂಬುದು ಶುರುವಾದದ್ದು ಆ ಗಳಿಗೆಯಲ್ಲಿ. ಅವರ ಕೈ ಹಿಡಿದು ಕುಳಿತೆ. ದೇವಕ್ಕ ಬಂದು ಎಬ್ಬಿಸಿದರೂ ಏಳಲಿಲ್ಲ. ಉಳಿದ ಹಣ್ಣನ್ನು ಅವಳೊಬ್ಬಳೇ ಬಿಡಿಸಿ ಕಣದಲ್ಲಿ ಹರವಿದಳು.

ಅದಾದ ಮೂರನೆಯ ದಿನ ಮೈ ಬೆವರಿ ಜ್ವರ ಬಿಟ್ಟಿತು. ಅವರು ಕೋಲೂರಿಕೊಂಡು ಅಂಗಳಕ್ಕೆ ಬರುವ ಹೊತ್ತಿಗೆ ಇನ್ನೂ ಒಂದು ವಾರ ಕಳೆದಿತ್ತು, ಭತ್ತ ಪೂರ್ತಿ ಮನೆ ಸೇರಿತ್ತು. ಬೋಳು ಗದ್ದೆಯನ್ನು ಬಹಳ ಹೊತ್ತು ನೋಡಿದರು. "ಕುಶಾಲ ಕೊಯ್ದಿದ್ದಾ? ಹಾಗಾದ್ರೆ ಅವನಿಗೆ ಬರುತ್ತೆ," ಅಂದರು. ಅವರ ಕಣ್ಣು ತೇವವಾಗಿತ್ತು.

ನಾನು ಬಿಡಲಿಲ್ಲ. "ಕೊಡ್ಲಿಪೇಟೆ ಸಂತೆಗೆ ಬಂದಿದ್ರಂತೆ?"

ಕಿವಿಯವರೆಗೆ ಕೆಂಪಾದರು. "ಮೊಯ್ದುಗೆ ಜೊತೆ ಬೇಕಿತ್ತು."

"ಯಾವ ವಾರದ ಸಂತೆಗೆ?"

"ದನಕ್ಕೆ ನೀರು ಕುಡಿಸಿದ್ಯಾ?"

ಆಮೇಲೆ ನಲವತ್ತು ವರ್ಷ ಜೊತೆಗಿದ್ದರು. ಯಾವ ವಾರ ಎಂದು ಹೇಳಲೇ ಇಲ್ಲ. ಮದುವೆಗೆ ಮುಂಚೆ ವಾರವಾರವೂ ಸಂತೆಗೆ ಹೋಗುತ್ತಿದ್ದ ನಾನು ಲೆಕ್ಕವಿಲ್ಲದಷ್ಟು ಸಲ ಆ ಸಂತೆಗಳನ್ನು ನೆನೆದಿದ್ದೇನೆ. ಒಂದು ವಾರ ಒಣಮೀನಿನವಳ ಜೊತೆ ಜಗಳವಾಡಿದ್ದೆ. ಇನ್ನೊಂದು ವಾರ ಮೂಟೆಗೆ ಒರಗಿ ಬಾಯಿ ತೆರೆದು ನಿದ್ದೆ ಹೋಗಿದ್ದೆ. ದೇವರೇ, ಅದೊಂದು ವಾರ ಆಗಿರದಿರಲಿ!

ಸಕ್ಕರೆ ತಂದ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಅಜ್ಜಿ, ಆವತ್ತು ನೀವು ಅಜ್ಜನನ್ನ ನೋಡಿದ್ದಿದ್ರೆ ಒಪ್ತಿದ್ರಾ?"

ಇಷ್ಟೊಂದು ಕುತೂಹಲದ ನನಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಇಷ್ಟು ವರ್ಷವೂ ಆ ಸಂತೆಯಲ್ಲಿ ನಾನು ನನ್ನನ್ನೇ ನೋಡಿಕೊಳ್ಳುತ್ತಿದ್ದೆನಲ್ಲ! ಮಾತು ಬಾರದ ಆ ಯುವಕ ಎಲ್ಲಿ ನಿಂತಿದ್ದ, ಕೈ ಎಲ್ಲಿಟ್ಟುಕೊಂಡಿದ್ದ, ಅವನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತು? ಕಣ್ಣು ಮುಚ್ಚಿ, ಮೊದಲ ಸಲ ಆ ಕಡೆ ತಿರುಗಿದೆ.

"ತಾಳು," ಅಂದೆ, "ನೋಡಿ ಹೇಳ್ತೀನಿ."