ಪಿಕ್ಕಿಂಗ್ ಮುಗೀಲಿ ಎಂದಿದ್ದೆ

"ಇಷ್ಟು ದಿನ ಯಾಕೆ ಕರ್ಕೊಂಡು ಬರ್ಲಿಲ್ಲ?" ಮಡಿಕೇರಿಯ ಕುಡಿತ ಬಿಡಿಸುವ ಕೇಂದ್ರದಲ್ಲಿ ವೈದ್ಯರು ಸರೋಜಳ ಗಂಡನ ಊದಿದ ಹೊಟ್ಟೆ ಮುಟ್ಟಿ ನೋಡುತ್ತಾ ಕೇಳಿದರು. ಆಕೆ ಜೊತೆಗೆ ಬಂದಿದ್ದ ನನ್ನ ಕಡೆ ತಿರುಗಲಿಲ್ಲ. "ಕಾಫಿ ಪಿಕ್ಕಿಂಗ್ ಇತ್ತು ಸಾರ್" ಎಂದಷ್ಟೇ ಹೇಳಿದಳು.

ಅವರಿಬ್ಬರೂ ದುಡಿಯುತ್ತಿದ್ದ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ನಾನು. ಇಂಥ ಕೇಂದ್ರ ಎಲ್ಲಾದರೂ ಇದೆಯಾ ಎಂದು ಆಕೆ ನನ್ನನ್ನು ಕೇಳಿದ್ದು ಕೊಯ್ಲಿನ ಆರಂಭದಲ್ಲೇ. ವಿಳಾಸ ಗೊತ್ತಿದ್ದೂ, ಅವನನ್ನು ಅಲ್ಲಿ ಸೇರಿಸಿದರೆ ಒಂದು ತಿಂಗಳು ಆಳು ತಪ್ಪುತ್ತದೆಂದು, "ಪಿಕ್ಕಿಂಗ್ ಮುಗೀಲಿ, ನೋಡುವ" ಅಂದಿದ್ದೆ. ಆಳುಗಳು ಬೇರೆ ತೋಟಕ್ಕೆ ಹೋಗದಿರಲೆಂದು ಪ್ರತಿ ಶನಿವಾರ ಎಲ್ಲರಂತೆ ಅವನ ಕೈಗೂ ಬಾಟಲಿ ಕೊಟ್ಟಿದ್ದೆ.

ಅವನು ಉಳಿಯಲಿಲ್ಲ. ಈ ವರ್ಷದ ಪಿಕ್ಕಿಂಗ್ ಶುರುವಾಗಿದೆ, ಸರೋಜ ಒಬ್ಬಳೇ ಬರುತ್ತಾಳೆ. ಶನಿವಾರದ ಬಾಟಲಿ ಹಂಚುವವನು ಈಗಲೂ ನಾನೇ.