ಗೋಪುರದ ಮೇಲಿನ ಮುದುಕಿ

ಸುಟ್ಟ ಪಂಪ್‌ಸೆಟ್ ಮೋಟಾರು ಹೊತ್ತು ತಂದ ರೈತರನ್ನು ಎರಡು ತಾಸು ಬಾಗಿಲಲ್ಲಿ ಕೂರಿಸಿ, ಒಳಗೆ ಒಂದು ಬಸವನಹುಳುವನ್ನು ಗೋಡೆ ಹತ್ತಿಸುವ ಧೈರ್ಯ ಯರಗಟ್ಟಿಯಲ್ಲಿ ಈರಣ್ಣನವರೊಬ್ಬರಿಗೇ ಇತ್ತು. ಯಾರಾದರೂ ಗೊಣಗಿದರೆ, "ವಾರ್ನಿಶ್ ಒಣಗಬೇಕ್ರಿ. ಹಸೀದ ಒಯ್ದು ಬಾವ್ಯಾಗ ಇಳಿಸಿ, ನಾಳಿ ನನಗ ಬೈತೀರೇನು?" ಎನ್ನುತ್ತಿದ್ದರು. ಕಣ್ಣು ಮಾತ್ರ ಹಳೆಯ ಕಂಪ್ಯೂಟರಿನ ಮೇಲೆಯೇ. ಕೊನೆಗೆ ರೈತರೂ ಬೆನ್ನ ಹಿಂದೆ ನಿಂತು, "ಎಡಕ್ಕ ಹೊಳ್ಳಸ್ರಿ, ಬೀಳತೈತಿ!" ಎಂದು ಹುಳಕ್ಕೆ ದಾರಿ ಹೇಳತೊಡಗುತ್ತಿದ್ದರು.

ಮೋಟಾರು ರಿವೈಂಡಿಂಗ್ ಅವರ ಕಸುಬು. ದಿನವಿಡೀ ತಾಮ್ರದ ತಂತಿ ಸುತ್ತುವವರಿಗೆ ಆ ನಿಧಾನದ ಆಟ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಎಲ್ಲೋ ಯಾವನೋ ಒಬ್ಬನೇ ಕೂತು ವರ್ಷಗಟ್ಟಲೆ ತಯಾರಿಸಿದ ವಿಡಿಯೋ ಗೇಮ್ ಅದು. ಲೋಕವೆಲ್ಲ ಮೆಚ್ಚಿ, ಬಹುಮಾನ ಕೊಟ್ಟು, ಮರೆತೂ ಆಗಿತ್ತು. ನಿಂತುಹೋದ ಗಡಿಯಾರವನ್ನು ನಡೆಸಲು ಬಸವನಹುಳು ಗೋಪುರ ಹತ್ತುತ್ತದೆ. ಅಷ್ಟೇ. "ಬಂದೂಕಿಲ್ಲ, ಬಡಿದಾಟಿಲ್ಲ. ಆದ್ರ ಮಾಸ್ತರ, ತುದಿ ಮುಟ್ಟಿದ ದಿನ ಮನಷ್ಯಾ ಬ್ಯಾರೇನ ಆಗತಾನ" ಎಂದು, ಚಚಡಿಯ ಶಾಲೆಗೆ ಹೋಗಲು ಅಲ್ಲಿ ಬಸ್ಸು ಬದಲಿಸುತ್ತಿದ್ದ ನನ್ನ ಕೈಗೆ ಒಂದು ಪೆನ್‌ಡ್ರೈವ್ ಇಟ್ಟರು.

ಅದು ನಾಲ್ಕು ವರ್ಷ ನನ್ನ ಮೇಜಿನ ಖಾನೆಯಲ್ಲಿ ಮಲಗಿತ್ತು. "ಆಡಿದ್ರೇನ್ರಿ?" ಎಂದು ಕಂಡಾಗಲೆಲ್ಲ ಕೇಳುವರು. ಪರೀಕ್ಷೆ, ಚುನಾವಣೆ ಡ್ಯೂಟಿ, ಹೆಂಡತಿಯ ತವರು, ನನ್ನ ಬೆನ್ನುನೋವು, ಎಲ್ಲ ನೆಪಗಳೂ ಮುಗಿದ ಒಂದು ದಿನ, "ಮುಗಿಸೇ ಬಿಟ್ನಿ ನೋಡ್ರಿ" ಎಂದು ಹಸಿ ಸುಳ್ಳು ಹೇಳಿದೆ.

ಈರಣ್ಣ ತಂತಿ ಕೆಳಗಿಟ್ಟರು. "ಹೌದ? ಮ್ಯಾಲ ಕುಂತ ಆ ಮುದುಕಿನ್ನ ನೋಡಿ ಹೆಂಗ ಅನಿಸ್ತರಿ?"

"ಏನ್ ಹೇಳ್ಲಿ ಈರಣ್ಣ, ಕಣ್ಣಾಗ ನೀರ ಬಂತು" ಎಂದೆ. ಮುದುಕಿಯ ಬೆಳ್ಳಿಗೂದಲು, ನಡುಗುವ ಕೈ ಎಲ್ಲವನ್ನೂ ವರ್ಣಿಸಿದೆ. ಕನ್ನಡ ಮಾಸ್ತರನಿಗೆ ವರ್ಣನೆ ಹೇಳಿಕೊಡಬೇಕೆ? ಅವರು ಟವೆಲನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಮುಖ ಮಾಡಿದರು. ಭುಜಗಳು ಕುಲುಕುತ್ತಿದ್ದವು. ಪಾಪ, ಅಳುತ್ತಿದ್ದಾರೆಂದು ಬೆನ್ನು ಸವರಿದೆ.

ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ, "ಇವ್ರ ನೋಡ್ರಿ, ಮುದುಕಿಗೆ ಅತ್ತ ಮಾಸ್ತರು" ಎಂದೇ ನನ್ನ ಪರಿಚಯ. ರೈತರು ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದರು. ನನಗೆ ಹೆಮ್ಮೆಯೇ ಆಗುತ್ತಿತ್ತು.

ಹೋದ ವರ್ಷ ಅವರನ್ನು ಬೈಲಹೊಂಗಲದ ಆಸ್ಪತ್ರೆಯಲ್ಲಿ ಕಂಡೆ. ತಂತಿ ಸುತ್ತುವ ಕೈ ಸೊರಗಿ ಹೋಗಿತ್ತು. ಹೊರಡುವಾಗ ನನ್ನ ಬೆರಳು ಹಿಡಿದು, "ಮಾಸ್ತರ, ಇನ್ನೊಮ್ಮಿ ಆಡ್ರಿ. ಮುದುಕಿಗೆ ನಾ ಕೇಳೀನಂತ ಹೇಳ್ರಿ" ಎಂದರು. ಎಂಟು ದಿನದಲ್ಲಿ ತೀರಿಕೊಂಡರು.

ಆ ಮಾತು ನನ್ನನ್ನು ಬಿಡಲಿಲ್ಲ. ಪೆನ್‌ಡ್ರೈವ್ ಹುಡುಕಿ ತೆಗೆದು, ಮೂರು ಭಾನುವಾರ ಬಿದ್ದು ಎದ್ದು ಹತ್ತಿ, ಮೊನ್ನೆ ಮಧ್ಯಾಹ್ನ ತುದಿ ಮುಟ್ಟಿದೆ. ಗಡಿಯಾರ ನಡೆಯಿತು. ಬಿಸಿಲು, ಮೋಡ, ಒಂದು ಖಾಲಿ ಕಟ್ಟೆ. ಮುದುಕಿ ಇರಲಿಲ್ಲ. ಮತ್ತೆ ಕೆಳಗಿಳಿದು ಮೂಲೆ ಮೂಲೆ ಹುಡುಕಿದೆ. ಇಡೀ ಆಟದಲ್ಲಿ ಒಬ್ಬ ಮನುಷ್ಯನೂ ಇಲ್ಲ.

ಆಗ ಕುಲುಕುತ್ತಿದ್ದ ಆ ಭುಜಗಳು ನೆನಪಾದವು. ಕುರ್ಚಿ ಬಿಟ್ಟುಕೊಟ್ಟ ರೈತರ ಮೀಸೆಯಡಿಯ ನಗುವೂ. ಕಳ್ಳ! ಈಗಲೇ ಬಸ್ಸು ಹತ್ತಿ ಹೋಗಿ ಬೈದು ಬರಬೇಕು, ಈ ಸಲ ನಿಜವಾಗಿಯೂ ಆಡಿದೆನೆಂದು ಹೇಳಬೇಕು ಅನ್ನಿಸಿತು. ಹೇಳಲು ಅವರಿಲ್ಲ. ಟವೆಲನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿದೆ.

ಅಡುಗೆಮನೆಯಿಂದ ಬಂದ ಹೆಂಡತಿ, "ಅಂಥಾದ್ದೇನ ಐತ್ರಿ ಅದರಾಗ, ಒಬ್ಬರ ಕುಂತು ನಗಾಕ ಹತ್ತೀರಿ?" ಎಂದಳು.

ನಾನು ನಗುತ್ತಿರಲಿಲ್ಲ.